ಮಗಳಿಗೆ ಎಸ್‌ಎಟಿ 1440 ಬಂದಿದೆ, ಆಗಸ್ಟಲ್ಲಿ ಮತ್ತೆ ಬರೆಸೋದಾ, ಇಲ್ಲಾ ಕನ್ನಡ ಕ್ಲಾಸು ನಾಟಕ ಅಂತ ಅವಳ ಪಾಡಿಗೆ ಬಿಡೋದಾ?

ಎಡಿಸನ್ ಅಮ್ಮ
ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಮನೇಲಿ ಇದೇ ರಾಮಾಯಣ, ಅದಕ್ಕೆ ಇಲ್ಲಿ ಕೇಳ್ತಿದೀನಿ. ನಾವಿರೋದು ನ್ಯೂಜೆರ್ಸಿಲಿ, ಊರು ತಿಪಟೂರು. ಮಗಳು ಈಗಷ್ಟೇ 11ನೇ ಗ್ರೇಡ್ ಮುಗಿಸಿದಾಳೆ. ಮಾರ್ಚಲ್ಲಿ ಎಸ್‌ಎಟಿ ಅಂತ ಇಲ್ಲಿ ಕಾಲೇಜ್ ಅಡ್ಮಿಷನ್ನಿಗೆ ಇರೋ ಪರೀಕ್ಷೆ ಬರೆದಾಗ 1600ಕ್ಕೆ 1390, ಮೇನಲ್ಲಿ 1440. ಮ್ಯಾಥ್ಸ್ 750, ರೀಡಿಂಗ್-ರೈಟಿಂಗ್ 690. ನಮ್ಮನೆಯವರು ಆಗಸ್ಟಲ್ಲಿ ಇನ್ನೊಂದ್ಸಲ ಬರೀಲೇಬೇಕು, 1500 ದಾಟಲೇಬೇಕು ಅಂತ ಪಟ್ಟು ಹಿಡಿದು ಕೂತಿದಾರೆ. ಅವರ ಆಫೀಸಲ್ಲಿ ಯಾರದೋ ಮಗಂಗೆ 1560 ಬಂತಂತೆ, ಅಲ್ಲಿಂದ ಶುರುವಾಗಿದ್ದು ಇದು.

ಒಂದು ಕೋಚಿಂಗ್ ಸೆಂಟರ್‌ನವರು ಎಂಟು ವಾರಕ್ಕೆ 2800 ಡಾಲರ್ ಹೇಳಿದಾರೆ, ಶನಿವಾರ ಭಾನುವಾರ ಎರಡೂ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ಸಮಸ್ಯೆ ಅಂದ್ರೆ ಅವಳು ನಾಲ್ಕು ವರ್ಷದಿಂದ ಇಲ್ಲಿ ಭಾನುವಾರದ ಕನ್ನಡ ಕ್ಲಾಸಲ್ಲಿ ಚಿಕ್ಕ ಮಕ್ಕಳಿಗೆ ಕಾಗುಣಿತ ಹೇಳಿಕೊಡ್ತಾಳೆ. ಬೇಸಿಗೆಲಿ ಕ್ಲಾಸಿಗೆ ರಜ, ಆದ್ರೆ ಈ ಸಲ ರಾಜ್ಯೋತ್ಸವಕ್ಕೆ ಅಂತ ಒಂದು ಸಣ್ಣ ನಾಟಕ ಅವಳೇ ಬರೆದಿದಾಳೆ, ಅವರಜ್ಜಿ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕೋಕೆ ಹೋಗೋ ಕಥೆ, ಒಂಬತ್ತು ಮಕ್ಕಳು, ಎಲ್ಲಾ ಆರು ಏಳು ವರ್ಷದವು. ಭಾನುವಾರ ನಮ್ಮನೆ ಬೇಸ್‌ಮೆಂಟಲ್ಲಿ ಪ್ರಾಕ್ಟೀಸು. ದಲ್ಲಾಳಿ ಪಾರ್ಟು ಮಾಡೋ ಹುಡುಗನ ಬಾಯಲ್ಲಿ ಳ ಹೊರಡಲ್ಲ, 'ಕೊಬ್ಬರಿ ಹೋಳು' ಅನ್ನೋ ಕಡೆ 'ಕೊಬ್ಬರಿ ಹೋಲು' ಅಂತಾನೆ, ಇವಳು ಅವನ ಮುಂದೆ ಕೂತ್ಕೊಂಡು ನಾಲಿಗೆ ಹಿಂದಕ್ಕೆ ಮಡಚಿ ತೋರಿಸ್ತಾಳೆ. ಅದು ಬಿಟ್ಟು ಕೋಚಿಂಗಿಗೆ ಹೋಗು ಅಂದ್ರೆ ಅಳ್ತಾಳೆ, ಅಪ್ಪ ಮಗಳು ಮಾತಾಡ್ತಿಲ್ಲ.

ಕಾಲೇಜ್ ಲಿಸ್ಟು: ರಟ್ಗರ್ಸ್, ಮಿಶಿಗನ್, ಪರ್ಡ್ಯೂ, ಜಾರ್ಜಿಯಾ ಟೆಕ್, ಮೂರು ಯುಸಿಗಳು (ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಕ್ಯಾಂಪಸ್ಸುಗಳು), ಇವರ ಆಸೆಗೆ ಕಾರ್ನೆಲ್ಲು ಎಂಐಟಿ. ಅವಳಿಗೆ ಲಿಂಗ್ವಿಸ್ಟಿಕ್ಸ್ ಮತ್ತು ಕಂಪ್ಯೂಟರ್ ಸೈನ್ಸ್ ಎರಡೂ ಸೇರಿಸಿ ಓದೋ ಆಸೆ, ಇವರಿಗೆ ಬರೀ ಕಂಪ್ಯೂಟರ್ ಸೈನ್ಸ್. ಅದು ಬೇರೆ ಜಗಳ ಬಿಡಿ.

ಫ್ರೀಮಾಂಟಿನ ಪುತ್ತೂರಿನವ
ಅಕ್ಕ, ಮೊದಲು ಆ ಲಿಸ್ಟನ್ನು ಹಿಡ್ಕೊಂಡು ಕೂತ್ಕೊಳ್ಳಿ, 1440 ಆಮೇಲೆ. ಯುಸಿಯವರು ಎಸ್‌ಎಟಿ ನೋಡುವುದೇ ಇಲ್ಲ ಮಾರಾಯ್ರೆ. ಟೆಸ್ಟ್ ಆಪ್ಷನಲ್ ಬೇರೆ, ಟೆಸ್ಟ್ ಬ್ಲೈಂಡ್ ಬೇರೆ. ಆಪ್ಷನಲ್ ಅಂದ್ರೆ ಕಳಿಸಿದ್ರೆ ನೋಡ್ತಾರೆ, ಬ್ಲೈಂಡ್ ಅಂದ್ರೆ ನೀವು 1600 ಕಳಿಸಿದ್ರೂ ಅಡ್ಮಿಷನ್ ಮಾಡುವವ ಅದನ್ನು ಕಣ್ಣಲ್ಲಿ ಕಾಣುವುದಿಲ್ಲ. ಇಲ್ಲಿ ನಮ್ಮ ಫ್ರೀಮಾಂಟಲ್ಲೇ ಎಷ್ಟೋ ಜನ ತಂದೆ ತಾಯಿಗೆ ಇದು ಇನ್ನೂ ಗೊತ್ತಿಲ್ಲ, ಯುಸಿಗೆ ಮಾತ್ರ ಹಾಕುವ ಮಕ್ಕಳನ್ನು ಸಹ ಮೂರು ಮೂರು ಸಲ ಬರೆಸ್ತಾರೆ.

ಎಂಐಟಿ 2022ರಲ್ಲೇ ಟೆಸ್ಟು ಬೇಕು ಅಂತ ವಾಪಸ್ ತಂದಾಯ್ತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ ಎಲ್ಲ ಒಂದರ ಹಿಂದೆ ಒಂದು. ಕಾರ್ನೆಲ್ 2026ರಲ್ಲಿ ಸೇರುವವರಿಂದ ಕೇಳ್ತದೆ. ಪರ್ಡ್ಯೂ ಮತ್ತು ಜಾರ್ಜಿಯಾ ಟೆಕ್ಕಿಗೆ ಬೇಕೇ ಬೇಕು. ರಟ್ಗರ್ಸ್, ಮಿಶಿಗನ್ ಆಪ್ಷನಲ್. ಹಾಗಾಗಿ ನಿಮ್ಮ ಒಂಬತ್ತರಲ್ಲಿ ಮೂರಕ್ಕೆ ಈ ನಂಬರಿನ ಕೆಲಸವೇ ಇಲ್ಲ, ಎರಡಕ್ಕೆ ಕೊಟ್ಟರೂ ಆಯ್ತು ಬಿಟ್ಟರೂ ಆಯ್ತು, ಉಳಿದ ನಾಲ್ಕಕ್ಕೆ ಬೇಕು. ಆ ನಾಲ್ಕರಲ್ಲಿ ಎರಡು ನಿಮ್ಮ ಯಜಮಾನರ ಆಸೆ ಅಂತ ನೀವೇ ಬರೆದಿದ್ದೀರಿ.

ಡಲ್ಲಾಸ್ ಗೌಡ
ನಾನು ಅಪ್ಪನ ಪರ. ಕ್ಷಮಿಸಿ ಮೇಡಂ, ಎಲ್ರೂ ಅವರನ್ನ ವಿಲನ್ ಮಾಡ್ತಾರೆ ಅಂತ ಗೊತ್ತು. ಆದ್ರೆ ನೋಡಿ, ನಾಟಕ ಎಷ್ಟು ಚೆನ್ನಾಗಿದೆ ಅಂತ ಅಳೆಯೋಕೆ ಯಾರ ಹತ್ರ ತಕ್ಕಡಿ ಇದೆ? ಈ ನಂಬರ್ ಒಂದೇ ನಿಮ್ಮ ಕೈಲಿರೋದು. ನಮ್ ಟೆಕ್ಸಾಸಲ್ಲಿ ಯುಟಿ ಆಸ್ಟಿನ್ ಕೂಡ ಮತ್ತೆ ಕಂಪಲ್ಸರಿ ಮಾಡಿದಾರೆ. ಇನ್ನೊಂದು ಯಾರೂ ಹೇಳಲ್ಲ, ದುಡ್ಡು. ಅಲಬಾಮಾ ಯೂನಿವರ್ಸಿಟಿ ಥರದ ಕಡೆ ಜಿಪಿಎ ಇಷ್ಟು ಎಸ್‌ಎಟಿ ಇಷ್ಟು ಅಂದ್ರೆ ಸ್ಕಾಲರ್‌ಶಿಪ್ ಇಷ್ಟು ಅಂತ ಚಾರ್ಟೇ ಹಾಕಿರ್ತಾರೆ, ಮಾವಿನಹಣ್ಣು ರೇಟ್ ಬರೆದಿಟ್ಟಂಗೆ. ನಮ್ ದೊಡ್ಡ ಮಗ ಎಚ್4 ಡಿಪೆಂಡೆಂಟ್ ವೀಸಾದಲ್ಲಿದ್ದ, ಫಾಫ್ಸಾ ಅನ್ನೋ ಸರ್ಕಾರಿ ಅರ್ಜಿ ಮೇಲೆ ಬರೋ ಸಾಲ ಗ್ರಾಂಟು ಯಾವ್ದೂ ಸಿಗಲ್ಲ, ಸ್ಕೋರ್ ನೋಡಿ ಕೊಡೋ ಈ ಸ್ಕಾಲರ್‌ಶಿಪ್ಪೇ ಕೈ ಹಿಡೀತು. ಕೆಲವು ಕಡೆ ಸ್ಕೋರ್ ಮೇಲೆ ಹೋದ್ರೆ ನಾಲ್ಕು ವರ್ಷದ ಫೀಸಲ್ಲಿ ಎಷ್ಟೋ ವ್ಯತ್ಯಾಸ ಆಗುತ್ತೆ, ಪರೀಕ್ಷೆ ಫೀಸಿಗೆ ಹಿಂದೆಮುಂದೆ ನೋಡ್ಬೇಡಿ.

ಕೋಚಿಂಗಿಗೆ 2800 ಮಾತ್ರ ಕೊಡ್ಬೇಡಿ. ಅದು ಹಗಲು ದರೋಡೆ.

ಹುಬ್ಬಳ್ಳಿ ಮಾಸ್ತರ
ಏನ್ರೀ ನಿಮ್ಮ ಚಿಂತಿ, ಓದಿ ಹೊಟ್ಟಿಕಿಚ್ಚು ಆತು ನೋಡ್ರಿ. ನಮ್ಮ ಕಡೆ ಎರಡರಾಗ ಒಂದು ಆರಿಸಿಕೊಳ್ಳೋ ಮಾತ ಇಲ್ಲ. ಕೆಸಿಇಟಿಗೆ ಫಿಸಿಕ್ಸ್ 60, ಕೆಮಿಸ್ಟ್ರಿ 60, ಮ್ಯಾಥ್ಸ್ 60, ಒಟ್ಟು 180. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಅದು, ಇನ್ನರ್ಧ ಪಿಯು ಮಾರ್ಕ್ಸ್. ನಾಟಕಾ ಬರದಿ ಏನು, ಹುಡುಗರಿಗೆ ಕಾಗುಣಿತ ಕಲಿಸಿದಿ ಏನು ಅಂತ ಕೆಇಎದಾಗ ಯಾರೂ ಕೇಳಂಗಿಲ್ಲ. ಸ್ಪೋರ್ಟ್ಸ್, ಎನ್‌ಸಿಸಿ, ಸ್ಕೌಟ್ಸ್ ಕೋಟಾ ಅದಾವ, ಆದ್ರ ಅದಕ್ಕ ಸರ್ಟಿಫಿಕೇಟ್ ಹೊತಗೊಂಡು ಬೆಂಗಳೂರಿಗೆ ಹೋಗಿ ನಿಂದರಬೇಕು. ಈಗೀಗ ಐಐಟಿ ಮದ್ರಾಸಿನವರು 2024-25ರಿಂದ ಕ್ರೀಡಾಪಟುಗಳಿಗೆ, 2025-26ರಿಂದ ಸಂಗೀತ ನೃತ್ಯ ಕಲಾವಿದರಿಗೆ ಅಂತ ಪ್ರತಿ ಕೋರ್ಸಿಗೆ ಎರಡೆರಡು ಹೆಚ್ಚುವರಿ ಸೀಟ್ ಇಟ್ಟಾರ. ಆದ್ರ ಅದಕ್ಕೂ ಜೆಇಇ ಅಡ್ವಾನ್ಸ್ಡ್ ರ‍್ಯಾಂಕ್ ಲಿಸ್ಟಿನಾಗ ಹೆಸರು ಇರಬೇಕು, ಮತ್ತ ಆ ಅಡ್ವಾನ್ಸ್ಡ್ ಎರಡ ಸಲ ಬರಿಯಾಕ ಬಿಡ್ತಾರ. ನಿಮ್ಮ ಹುಡುಗಿಗೆ ವರ್ಷಕ್ಕ ಏಳೆಂಟು ಸಲ ಪರೀಕ್ಷಾ ಅದಾವ, ನಾಟಕಾನೂ ಲೆಕ್ಕಕ್ಕ ಬರ್ತದ, ಮತ್ತ ಮನ್ಯಾಗ ಜಗಳ!

ಎಡಿಸನ್ ಅಮ್ಮ
ಮಾಸ್ತರೇ, ನಗು ಬಂತು ನಿಮ್ದು ಓದಿ. ನಾನೂ ಸಿಇಟಿ ಬರೆದವಳೇ, ಬೇಸಿಗೆ ರಜೆ ಅಂದ್ರೇನು ಅಂತ ಗೊತ್ತಿಲ್ಲದೆ ಬೆಳೆದವಳು. ಅದಕ್ಕೇ ಇವಳನ್ನ ಕೂರಿಸೋಕೆ ಮನಸ್ಸು ಬರ್ತಿಲ್ವೇನೋ.

ಹೆಸರು ಬೇಡ
ಎಲ್ಲಾ ಸರಿ ಆದ್ರೆ ಒಂದು ಕಹಿ ಮಾತು. ಇಂಡಿಯನ್ ಮಕ್ಕಳ ಅಪ್ಲಿಕೇಶನ್ ಎಲ್ಲಾ ಒಂದೇ ಅಚ್ಚು. ಭರತನಾಟ್ಯ ಅರಂಗೇಟ್ರಂ, ರೋಬೋಟಿಕ್ಸು, ಡಿಬೇಟು, 11ನೇ ಕ್ಲಾಸಿಗೆ ಬಂದ ತಕ್ಷಣ ಒಂದು ನಾನ್ ಪ್ರಾಫಿಟ್ ಸೇವಾ ಸಂಸ್ಥೆ. ನಮ್ಮ ಬೀದಿಲೇ ನಾಲ್ಕು ಮಕ್ಕಳು ನಾಲ್ಕು ನಾನ್ ಪ್ರಾಫಿಟ್ಟಿಗೆ ಫೌಂಡರ್‌ಗಳು, ನಾಲ್ಕರಲ್ಲೂ ಮೆಂಬರ್‌ಗಳು ಅದೇ ನಾಲ್ಕು ಜನ. ಓದೋರಿಗೆ ಗೊತ್ತಾಗಲ್ಲ ಅನ್ಕೊಂಡಿದಾರಾ? ಎಕ್ಸ್‌ಟ್ರಾ ಕರಿಕ್ಯುಲರ್ ಅಂತ ನಂಬ್ಕೊಂಡು ಸ್ಕೋರ್ ಬಿಡ್ಬೇಡಿ.

ಬಾಸ್ಟನ್ ಮಲ್ನಾಡ್
ಮೇಲಿನವರಿಗೆ: ನೀವು ಹೇಳಿದ್ದಕ್ಕೂ ಅಕ್ಕ ಬರೆದಿದ್ದಕ್ಕೂ ಸಂಬಂಧ ಇಲ್ಲ. ನಾಲ್ಕು ವರ್ಷ ಭಾನುವಾರ ಬಿಡದೆ ಹೋಗಿದಾಳೆ, ಕಾಲೇಜಿನ ನೆನಪೇ ಇಲ್ಲದಾಗ ಶುರು ಮಾಡಿದ್ದು ಅದು. ಅದೂ ಅಲ್ದೆ ಲಿಂಗ್ವಿಸ್ಟಿಕ್ಸ್ ಓದ್ತೀನಿ ಅನ್ನೋ ಹುಡುಗಿ ಳ ಮತ್ತೆ ಲ ನಡುವೆ ನಾಲಿಗೆ ಎಲ್ಲಿಡಬೇಕು ಅಂತ ಆರು ವರ್ಷದ ಮಗುಗೆ ತೋರಿಸ್ತಿದಾಳೆ! ಇದಕ್ಕಿಂತ ಏನು ಬೇಕು?

ಅಡ್ಮಿಷನ್ನಲ್ಲಿ ಜನಾಂಗ ನೋಡ್ತಾರೆ ಅಂತ ಹಾರ್ವರ್ಡ್ ಮೇಲೆ ಕೇಸು ನಡೆದಾಗ, 2023ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿಂದ ತೀರ್ಪು ಬಂತಲ್ಲ ಅದು, ಅವರು ಒಳಗೆ ಹೆಂಗೆ ಮಾರ್ಕ್ಸ್ ಹಾಕ್ತಾರೆ ಅಂತ ಹೊರಗೆ ಬಂತು. ಓದಿಗೆ ಒಂದು, ಎಕ್ಸ್‌ಟ್ರಾ ಕರಿಕ್ಯುಲರ್‌ಗೆ ಒಂದು, ಆಟಕ್ಕೆ ಒಂದು, ವ್ಯಕ್ತಿತ್ವಕ್ಕೆ ಅಂತ ಒಂದು. ಏಷ್ಯನ್ ಮಕ್ಕಳಿಗೆ ಆ ಕೊನೇದ್ರಲ್ಲೇ ಕಮ್ಮಿ ಕೊಡ್ತಿದ್ರು ಅನ್ನೋದೇ ತಕರಾರು. ನಮ್ಮ ಮಕ್ಕಳು ಓದಿನ ಕಾಲಂ ತುಂಬಿಸ್ಕೊಂಡು ಉಳಿದ ಕಡೆ ಒಬ್ಬರ ಥರಾನೇ ಇನ್ನೊಬ್ಬರು ಕಾಣ್ತಾರೆ. ಇವಳು ಹಂಗೆ ಕಾಣಲ್ಲ, ಅದನ್ನ ಯಾಕೆ ಕೈಯಾರೆ ಕಳೀತೀರಿ?

ಎಂಐಟಿ ಬಗ್ಗೆ ಹೇಳ್ಬೇಕಂದ್ರೆ, ಅಲ್ಲಿ ಸೇರೋರ ಮ್ಯಾಥ್ಸ್ ಸ್ಕೋರ್ ನಡುವಿನ ಅರ್ಧದಷ್ಟು ಜನರದ್ದು 780ರಿಂದ 800. ಮ್ಯಾಥ್ಸಲ್ಲಿ 750 ಇದ್ದು 1500 ಆದ್ರೂ ಅಲ್ಲಿಗೆ ಅದು ಕೆಳಗೇ. ಅಪ್ಪಂಗೆ ಇದನ್ನ ಮೆತ್ತಗೆ ಹೇಳಿ. ಅಲ್ದೆ ಅವರ ಅಪ್ಲಿಕೇಶನ್ನಲ್ಲಿ ಆಕ್ಟಿವಿಟಿಗೆ ನಾಲ್ಕೇ ಜಾಗ, ಎಷ್ಟೋ ಕಾಲೇಜಿಗೆ ಒಂದೇ ಅರ್ಜಿ ಹಾಕೋ ಕಾಮನ್ ಆ್ಯಪ್ ಥರ ಹತ್ತಲ್ಲ.

ಸೆಕೆಂಡ್ ಇಯರ್ ಹುಡುಗ
ಆಂಟಿ ನಮಸ್ತೆ, ನನ್ ಕನ್ನಡ ಟೈಪಿಂಗ್ ಅಷ್ಟು ಚೆನ್ನಾಗಿಲ್ಲ ಅಮ್ಮ ಪಕ್ಕದಲ್ಲಿ ಕೂತು ಕರೆಕ್ಟ್ ಮಾಡ್ತಿದಾರೆ. ನಾನು ಮೂರು ಸಲ ಬರೆದೆ. 1480, 1490, 1480. ಮೂರನೇ ಸಲಕ್ಕೋಸ್ಕರ ಒಂದು ಪೂರ್ತಿ ಬೇಸಿಗೆ ಮೃದಂಗ ಕ್ಲಾಸ್ ಬಿಟ್ಟೆ ಮತ್ತೆ 10 ಕಮ್ಮಿ ಬಂತು. ಅದಾದ್ಮೇಲೆ ಮೃದಂಗ ಮುಟ್ಟಿದ್ರೆ ಕೈ ಓಡ್ತಿರಲಿಲ್ಲ, ಮೇಷ್ಟ್ರು ಬೈಯಲಿಲ್ಲ ಸುಮ್ನೆ ಆದಿತಾಳದಿಂದ ಮತ್ತೆ ಶುರು ಮಾಡ್ಸಿದ್ರು, ಅದು ಬೈಗುಳಕ್ಕಿಂತ ಜಾಸ್ತಿ ಬೇಜಾರಾಯ್ತು.

ನಂಗೆ ಆಮೇಲೆ ಗೊತ್ತಾಗಿದ್ದು ಏನಂದ್ರೆ ನಾನು ಓದ್ತಾ ಇದ್ದೆ ಆದ್ರೆ ತಪ್ಪು ಯಾವ್ದು ಮಾಡ್ತೀನಿ ಅಂತ ನೋಡ್ತಾನೇ ಇರಲಿಲ್ಲ. ಈಗಿನ ಎಸ್‌ಎಟಿ 2 ಗಂಟೆ 14 ನಿಮಿಷ ಅಷ್ಟೇ, 98 ಪ್ರಶ್ನೆ, ಲ್ಯಾಪ್‌ಟಾಪಲ್ಲಿ. ಪ್ರತಿ ಸಬ್ಜೆಕ್ಟ್ ಎರಡು ಭಾಗ, ಮೊದಲನೇ ಭಾಗ ಚೆನ್ನಾಗಿ ಮಾಡಿದ್ರೆ ಮಾತ್ರ ಎರಡನೇ ಭಾಗ ಕಷ್ಟದ್ದು ಬರುತ್ತೆ, ಕಷ್ಟದ್ದು ಬಂದ್ರೆ ಮಾತ್ರ ಮೇಲಿನ ಸ್ಕೋರ್. ಸೋ ಮೊದಲನೇ ಭಾಗದಲ್ಲಿ ಸಿಲ್ಲಿ ಮಿಸ್ಟೇಕ್ ಮಾಡಿದ್ರೆ ತುಂಬಾ ಲಾಸು. ಪರೀಕ್ಷೆ ಬರೆಯೋ ಬ್ಲೂಬುಕ್ ಆ್ಯಪಲ್ಲಿ ಪೂರ್ತಿ ಪ್ರಾಕ್ಟೀಸ್ ಟೆಸ್ಟ್ ಫ್ರೀ ಇದೆ, ಖಾನ್ ಅಕಾಡೆಮಿ ಫ್ರೀ. ಮ್ಯಾಥ್ಸಿಗೆ ಡೆಸ್ಮಾಸ್ ಗ್ರಾಫ್ ಕ್ಯಾಲ್ಕುಲೇಟರ್ ಆ ಆ್ಯಪ್ ಒಳಗೇ ಇದೆ, ಅಕ್ಕನಿಗೆ ಅದು ಸರಿಯಾಗಿ ಬರುತ್ತಾ ಕೇಳಿ, ಎಷ್ಟೋ ಪ್ರಶ್ನೆ ಸಾಲ್ವ್ ಮಾಡೋದೇ ಬೇಡ, ಎರಡು ಗೆರೆ ಎಲ್ಲಿ ಸೇರುತ್ತೆ ಅಂತ ನೋಡಿದ್ರೆ ಆಯ್ತು.

ಡಲ್ಲಾಸ್ ಗೌಡ
ಮರಿ, ಅವಳು ನಿಂಗಿಂತ ಚಿಕ್ಕವಳು, ಅಕ್ಕ ಅಲ್ಲ ತಂಗಿ.

ಸೆಕೆಂಡ್ ಇಯರ್ ಹುಡುಗ
ಸಾರಿ ಅಂಕಲ್

ಎಡಿಸನ್ ಅಮ್ಮ
ಈ ಹುಡುಗ ಹೇಳಿದ್ದು ನೋಡಿ ನಿನ್ನೆ ರಾತ್ರಿ ಮಗಳ ಜೊತೆ ಕೂತೆ. ಅವಳು ಮಾಡಿದ್ದ ಎರಡು ಪ್ರಾಕ್ಟೀಸ್ ಟೆಸ್ಟ್ ತೆಗೆದು ತಪ್ಪಾಗಿದ್ದನ್ನೆಲ್ಲಾ ಒಂದು ಹಳೇ ಕಾಪಿ ಬುಕ್ಕಲ್ಲಿ ಬರೆಸಿದೆ. ರೀಡಿಂಗ್ ರೈಟಿಂಗಲ್ಲಿ ಎರಡೂ ಸೇರಿ 17 ತಪ್ಪು. ಅದರಲ್ಲಿ 11 ಬರೀ ಎರಡು ಜಾತಿ, ಒಂದು ಸೆಮಿಕೋಲನ್ ಕೋಲನ್ ಕಾಮಾ ಎಲ್ಲಿ ಹಾಕ್ಬೇಕು ಅನ್ನೋದು, ಇನ್ನೊಂದು ಎರಡು ವಾಕ್ಯದ ನಡುವೆ 'ಆದರೂ' ಬರುತ್ತೋ 'ಆದ್ದರಿಂದ' ಬರುತ್ತೋ ಅನ್ನೋ ಥರದ್ದು. ಪ್ಯಾಸೇಜ್ ಅರ್ಥ ಆಗದೆ ತಪ್ಪಿದ್ದು ಮೂರೇ ಮೂರು. ನಂಗೇ ಆಶ್ಚರ್ಯ ಆಯ್ತು. 'ಅಮ್ಮ, ಅಜ್ಜಿ ಮಾತಾಡಿದ್ರೆ ಸೆಮಿಕೋಲನ್ನೇ ಇರಲ್ಲ, ಹೋಗಿ ಬಂದು ಮಾಡಿ ಅಂತ ಹೋಗ್ತಾನೇ ಇರುತ್ತೆ, ನಾನೂ ಹಂಗೇ ಬರೀತೀನಿ' ಅಂತಾಳೆ. ಅಜ್ಜಿ ಮೇಲೆ ಹಾಕಿಬಿಟ್ಲು.

ಇಷ್ಟಕ್ಕೆ 2800 ಡಾಲರ್ ಯಾಕೆ ಅಂತ ಇವರಿಗೂ ಅನ್ನಿಸ್ತು ಅನ್ಸುತ್ತೆ, ಕಾಪಿ ಬುಕ್ಕನ್ನ ಎರಡು ಸಲ ತಿರುವಿ ಹಾಕಿದ್ರು, ಏನೂ ಮಾತಾಡ್ಲಿಲ್ಲ. ನಂದಿನ್ನೊಂದು ಡೌಟು, ಮೂರು ಸಲ ಬರೆದ್ರೆ ಕಾಲೇಜಿನವರು ಕೆಟ್ಟದಾಗಿ ನೋಡಲ್ವಾ?

ಫ್ರೀಮಾಂಟಿನ ಪುತ್ತೂರಿನವ
ಇಲ್ಲ. ಹೆಚ್ಚಿನ ಕಡೆ ಯಾವ ದಿನದ್ದು ಕಳಿಸ್ಬೇಕು ಅಂತ ನೀವೇ ಆರಿಸಬಹುದು. ಜಾರ್ಜ್‌ಟೌನ್ ಹಾಗೆ ಎಲ್ಲವನ್ನೂ ಕಳಿಸಿ ಅನ್ನುವವರೂ ಉಂಟು, ಅದು ನಿಮ್ಮ ಲಿಸ್ಟಲ್ಲಿ ಇಲ್ಲ. ಸೂಪರ್‌ಸ್ಕೋರ್ ಅಂತ ಉಂಟಲ್ಲ, ಬೇರೆ ಬೇರೆ ದಿನದ ಬೆಸ್ಟ್ ಮ್ಯಾಥ್ಸು ಬೆಸ್ಟ್ ಇಂಗ್ಲಿಷು ಕೂಡಿಸುವುದು, ಎಂಐಟಿ ಜಾರ್ಜಿಯಾ ಟೆಕ್ ಎರಡೂ ಮಾಡ್ತಾರೆ. ಅಂದ್ರೆ 750 ಅಲ್ಲೇ ಗಟ್ಟಿ ಉಂಟು, ಆಗಸ್ಟಲ್ಲಿ ಇಂಗ್ಲಿಷ್ ಮಾತ್ರ 690ರಿಂದ ಮೇಲೆ ಎತ್ತಿದ್ರೆ ಸಾಕು. ಮ್ಯಾಥ್ಸ್ ಪುಸ್ತಕ ಮುಟ್ಟುವುದೇ ಬೇಡ ಅಂತ ನಾನಾದ್ರೆ ಹೇಳ್ತೇನೆ.

ನನ್ನ ಮಗಳ ವಿಷಯದಲ್ಲಿ ನಾವು ಮಾಡಿದ್ದು ಹೇಳ್ತೇನೆ, ಬೇಕಾದ್ರೆ ತಕ್ಕೊಳ್ಳಿ. ಶನಿವಾರ ಬೆಳಿಗ್ಗೆ 8 ಗಂಟೆಗೆ, ನಿಜವಾದ ಪರೀಕ್ಷೆಯ ಹಾಗೇ, ಫೋನು ನನ್ನ ಹತ್ರ ಕೊಟ್ಟು ಬ್ಲೂಬುಕ್ಕಲ್ಲಿ ಒಂದು ಪೂರ್ತಿ ಟೆಸ್ಟು. ಹದಿನೈದು ದಿನ ಬಿಟ್ಟು ಇನ್ನೊಂದು. ಎರಡರಲ್ಲೂ ಹಳೇ ಸ್ಕೋರಿನ ಆಚೆ ಈಚೆಯೇ ಬಂದ್ರೆ ಮತ್ತೆ ಬರೆಸುವುದು ಬೇಡ, ಬಿಟ್ಟುಬಿಡುವ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನಮಗೆ ಎರಡರಲ್ಲೂ ಅಲ್ಲೇ ಬಂತು, ನಾವು ಬಿಟ್ಟೆವು. ಹೆಂಡತಿಗೆ ಈಗಲೂ ಸ್ವಲ್ಪ ಬೇಜಾರುಂಟು.

ಬಾಸ್ಟನ್ ಮಲ್ನಾಡ್
ಒಂದು ಸಣ್ಣ ವಿಷಯ ಸೇರಿಸ್ತೀನಿ. ಲ್ಯಾಪ್‌ಟಾಪ್ ಚಾರ್ಜ್ ಫುಲ್ ಮಾಡ್ಕೊಂಡು ಚಾರ್ಜರ್ ಜೊತೆಗೇ ತಗೊಂಡು ಹೋಗ್ಲಿ. ನಮ್ಮವನು ಹೋದ ಸೆಂಟರಲ್ಲಿ ಪ್ಲಗ್ ಪಾಯಿಂಟ್ ಇದ್ದಿದ್ದು ಹಿಂದಿನ ಗೋಡೇಲಿ ಮಾತ್ರ, ಮಧ್ಯದ ಸಾಲಲ್ಲಿ ಕೂತವನಿಗೆ ಕೊನೆ ಭಾಗ ಬರೋ ಹೊತ್ತಿಗೆ ಬ್ಯಾಟರಿ 9 ಪರ್ಸೆಂಟು. ಗಣಿತ ಮಾಡೋದಾ ಬ್ಯಾಟರಿ ನೋಡೋದಾ ಅಂತ ಆಗಿತ್ತಂತೆ.

ಹೆಸರು ಬೇಡ
ನಾನು ಮೊದಲು ಹೇಳಿದ್ದು ಸ್ವಲ್ಪ ಗಡುಸಾಯ್ತು, ಇರ್ಲಿ. ಒಂದು ಉಪಯೋಗದ ಮಾತು ಹೇಳ್ತೀನಿ. ಕಾಮನ್ ಆ್ಯಪಲ್ಲಿ ಒಂದು ಆಕ್ಟಿವಿಟಿ ಬಗ್ಗೆ ಬರೆಯೋಕೆ 150 ಅಕ್ಷರ ಅಷ್ಟೇ ಸಿಗೋದು, ಸ್ಪೇಸ್ ಸೇರಿ. ನಾಲ್ಕು ವರ್ಷ 150 ಅಕ್ಷರದಲ್ಲಿ. ಯುಸಿಲಿ 350. ಈಗಲೇ ಕೂತು ಅದನ್ನ ಬರೆದು ನೋಡೋಕೆ ಹೇಳಿ. 'ಸ್ವಯಂಸೇವಕಿಯಾಗಿ ಕನ್ನಡ ಕಲಿಸಿದೆ, ನಾಯಕತ್ವ ಗುಣ ಬೆಳೆಸಿಕೊಂಡೆ' ಅಂತ ಬರೆದ್ರೆ ನಾನು ಮೊದಲು ಹೇಳಿದ ಅಚ್ಚಿಗೇ ಬಿದ್ದಂಗೆ. ಒಂಬತ್ತು ಮಕ್ಕಳು, ಸ್ವಂತ ಬರೆದ ನಾಟಕ, ಕೊಬ್ಬರಿ ಹರಾಜು, ಳ ಕಲಿಸೋಕೆ ಏನು ಮಾಡಿದ್ಲು, ಇವು ಬರ್ಬೇಕು. ಬರೆಯೋಕೆ ಆಗದಿದ್ರೆ ಆಕ್ಟಿವಿಟಿ ಇನ್ನೂ ಮುಗಿದಿಲ್ಲ ಅಂತ ಅರ್ಥ, ನಾಟಕ ಮುಗಿಸ್ಲಿ.

ಡಲ್ಲಾಸ್ ಗೌಡ
ಅರೆ, ನೀವೂ ಪಾರ್ಟಿ ಬದಲಾಯಿಸಿದ್ರಾ?

ಹೆಸರು ಬೇಡ
ನಾನ್ ಪ್ರಾಫಿಟ್ ಅಲ್ವಲ್ಲ ಸಾರ್ ಇದು.

ಎಡಿಸನ್ ಅಮ್ಮ
ಎಲ್ರಿಗೂ ಥ್ಯಾಂಕ್ಸ್. ಮನೇಲಿ ಒಂದು ಒಪ್ಪಂದ ಆಗಿದೆ, ಬರೆದಿಡ್ತೀನಿ. ಕೋಚಿಂಗ್ ಇಲ್ಲ. ಆಗಸ್ಟ್ ಪರೀಕ್ಷೆಗೆ ರಿಜಿಸ್ಟರ್ ಮಾಡಿದೀವಿ, ಅದೇ ಕೊನೇದು, ಅಕ್ಟೋಬರ್ ಅಂತ ಯಾರೂ ಬಾಯಿ ಬಿಡೋ ಹಾಗಿಲ್ಲ. ವಾರದ ದಿನ ಸಂಜೆ ಮುಕ್ಕಾಲು ಗಂಟೆ ಆ 11 ತಪ್ಪಿನ ಜಾತಿ ಪ್ರಶ್ನೆಗಳು ಮಾತ್ರ, ಭಾನುವಾರ ನಾಟಕ. ಲಿಸ್ಟಿಂದ ಎಂಐಟಿ ತೆಗೆದಿದೀವಿ, ಇವರೇ ತೆಗೆದ್ರು, 780 ಅಂತ ಕೇಳಿದ್ಮೇಲೆ. ಕಾರ್ನೆಲ್ ಇದೆ ಇನ್ನೂ. ಲಿಂಗ್ವಿಸ್ಟಿಕ್ಸ್ ಜಗಳ ಮುಂದಿನ ತಿಂಗಳಿಗೆ ಮುಂದೂಡಿದೀವಿ.

ಕ್ಯಾಲೆಂಡರ್ ಹಾಕ್ತಾ ಇನ್ನೊಂದು ಗೊತ್ತಾಯ್ತು. ಅರ್ಲಿ ಅಪ್ಲಿಕೇಶನ್ ಡೆಡ್‌ಲೈನ್ ಎಷ್ಟೋ ಕಡೆ ನವೆಂಬರ್ 1! ರಾಜ್ಯೋತ್ಸವದ ದಿನವೇ. ನಮ್ಮ ಕೂಟದ ಕಾರ್ಯಕ್ರಮ ಅದಾದ ವಾರಾಂತ್ಯಕ್ಕೆ ಇಟ್ಟಿದಾರೆ, ಆದ್ರೂ ಅವಳ ಕೊನೇ ಎಸ್ಸೇನೂ ಮಕ್ಕಳ ಕೊನೇ ಪ್ರಾಕ್ಟೀಸೂ ಒಂದೇ ವಾರ ಬೀಳುತ್ತೆ. ಅದಕ್ಕೆ ಎಸ್ಸೇ ಎಲ್ಲಾ ಸೆಪ್ಟೆಂಬರಲ್ಲೇ ಮುಗಿಸ್ತೀನಿ ಅಂದಿದಾಳೆ, ನೋಡೋಣ.

ಹುಬ್ಬಳ್ಳಿ ಮಾಸ್ತರ
ಛಲೋ ಆತು. ಸ್ಕೋರ್ ಏನ್ ಬಂತು ಹೇಳ್ರಿ ಮತ್ತ, ಮರೀಬ್ಯಾಡ್ರಿ.

ಎಡಿಸನ್ ಅಮ್ಮ
ಮಾಸ್ತರೇ, ಮರೆತಿಲ್ಲ. ಹೋದ ಶನಿವಾರ ಬರೆದು ಬಂದ್ಲು, ಚಾರ್ಜರ್ ತಗೊಂಡೇ ಹೋಗಿದ್ಲು. ರಿಸಲ್ಟಿಗೆ ಇನ್ನೂ ವಾರದ ಮೇಲಾಗುತ್ತೆ. ಹೆಂಗಾಯ್ತು ಅಂದ್ರೆ 'ಸೆಮಿಕೋಲನ್ ಮೂರು ಬಂದಿತ್ತು' ಅಂದ್ಲು, ಅದಕ್ಕಿಂತ ಜಾಸ್ತಿ ಹೇಳ್ಲಿಲ್ಲ, ಇವರೂ ಕೇಳ್ಲಿಲ್ಲ. ಕಾರಲ್ಲಿ ಬರ್ತಾ ಅಪ್ಪ ಮಗಳು ದೋಸೆ ತಿನ್ಕೊಂಡು ಬಂದಿದಾರೆ, ನಂಗೆ ಪಾರ್ಸೆಲ್ ತರಲಿಲ್ಲ.

ನಾಟಕ ಎರಡನೇ ದೃಶ್ಯದ ತನಕ ಕೂತಿದೆ. ದಲ್ಲಾಳಿ ಹುಡುಗನಿಗೆ ಎರಡು ತಿಂಗಳಾದ್ರೂ ಳ ಬರಲಿಲ್ಲ. ಕೊನೆಗೆ ಅವಳೇ ಸೋತು ಮಾತನ್ನೇ ಬದಲಾಯಿಸಿದಾಳೆ, ಹೋಳು ಅನ್ನೋ ಕಡೆಯೆಲ್ಲಾ ಈಗ ಚೂರು. ಈಗ ನಂದೊಂದು ಪ್ರಶ್ನೆ ಇದೆ, ಹೊಸ ಪೋಸ್ಟ್ ಹಾಕ್ಬೇಕೋ ಇಲ್ಲೇ ಕೇಳಬಹುದೋ: ಸ್ಟೇಜಿಗೆ ಒಂದು ಚೀಲ ಉಂಡೆ ಕೊಬ್ಬರಿ ಬೇಕು, ಇಲ್ಲಿ ಅಂಗಡೀಲಿ ಸಿಗೋದೆಲ್ಲಾ ತುರಿದಿದ್ದು. ಯಾರಿಗಾದ್ರೂ ಎಲ್ಲಿ ಸಿಗುತ್ತೆ ಅಂತ ಗೊತ್ತಾ?